ಆಡಿದ ಮಾತೇ ನಾಟಕವಾದಾಗ: ಹೊಸ ಪ್ರೇಕ್ಷಕರಿಗೊಂದು ಪ್ರವೇಶಿಕೆ

ನಾಟಕ ನೋಡಿ ಪಳಗಿದವರಿಗೂ ವರ್ಬೇಟಿಮ್ ನಾಟಕ ಮೊದಲ ಸಲ ಸ್ವಲ್ಪ ಗಲಿಬಿಲಿ ಹುಟ್ಟಿಸುತ್ತದೆ. ರಂಗದ ಮೇಲೆ ಕೆಲವು ಕುರ್ಚಿ, ಒಂದೆರಡು ಮೇಜು, ಅಷ್ಟೆ. ನಟ ಮುಂದೆ ಬಂದು ನೇರ ನಮ್ಮತ್ತಲೇ ನೋಡುತ್ತ ಮಾತಾಡುತ್ತಾನೆ. ಮಾತು ಅರ್ಧಕ್ಕೆ ನಿಲ್ಲುತ್ತದೆ, ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ, 'ಅಂದ್ರೆ... ಹೇಗೆ ಹೇಳೋದು' ಎಂದು ತಡವರಿಸುತ್ತಾನೆ. ಮಾತು ಮರೆತನೇನೋ ಅನ್ನಿಸಬಹುದು. ಮರೆತಿಲ್ಲ. ಆ ತಡವರಿಕೆಯನ್ನೂ ಬಾಯಿಪಾಠ ಮಾಡಿದ್ದಾನೆ. ಯಾರೋ ಒಬ್ಬರು ಸಂದರ್ಶನದಲ್ಲೋ ನ್ಯಾಯಾಲಯದಲ್ಲೋ ಹಾಗೆಯೇ ತಡವರಿಸಿದ್ದರು. ನಟ ಅದನ್ನು ಇದ್ದಂತೆಯೇ ತಂದಿದ್ದಾನೆ.

ಈ ಪ್ರಕಾರದ ನಿಯಮ ಸರಳ. ನಾಟಕ ಕಟ್ಟುವವರು ಒಂದು ಘಟನೆಗೆ ಸಂಬಂಧಪಟ್ಟ ಜನರನ್ನು ಕಂಡು ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ, ಇಲ್ಲವೇ ವಿಚಾರಣೆಯ ಕಡತ ಹಿಡಿದು ಕೂರುತ್ತಾರೆ. ಅದರಲ್ಲಿ ಆರಿಸಬಹುದು, ಕತ್ತರಿಸಬಹುದು, ಹಿಂದುಮುಂದು ಜೋಡಿಸಬಹುದು. ಹೊಸ ಮಾತು ಬರೆಯುವಂತಿಲ್ಲ. ತಾಳಮದ್ದಳೆ ಕೇಳಿದವರಿಗೆ ಇದರ ವಿರುದ್ಧ ತುದಿ ಚೆನ್ನಾಗಿ ಗೊತ್ತು. ಅಲ್ಲಿ ಪ್ರಸಂಗದ ಪದ್ಯ ಮಾತ್ರ ಮೊದಲೇ ಇರುತ್ತದೆ, ಅರ್ಥಧಾರಿಯ ಮಾತು ಕೂತಲ್ಲೇ ಹುಟ್ಟಬೇಕು. ಇವತ್ತಿನ ಕರ್ಣ ಹೂಡಿದ ವಾದವನ್ನು ನಾಳೆಯ ಕರ್ಣ ಹೂಡಬೇಕೆಂದಿಲ್ಲ. ವರ್ಬೇಟಿಮ್ ನಟನಿಗೆ ಆ ಸ್ವಾತಂತ್ರ್ಯ ಒಂದಿಷ್ಟೂ ಇಲ್ಲ. ಆದರೆ ಎರಡರಲ್ಲೂ ಪ್ರೇಕ್ಷಕನಾದವನು ಮೊದಲು ಕೇಳುಗನಾಗಬೇಕು. ಇಷ್ಟು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಸ್ವಲ್ಪ ಹಿನ್ನೆಲೆ

1965ರಲ್ಲಿ ಪೀಟರ್ ವೈಸ್, ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಆಶ್‌ವಿಟ್ಸ್ ನಾಜಿ ಶಿಬಿರದ ವಿಚಾರಣೆಯ ದಾಖಲೆಗಳಿಂದ 'ದಿ ಇನ್ವೆಸ್ಟಿಗೇಷನ್' ನಾಟಕ ಹೆಣೆದ. ಅದರಲ್ಲಿ ಸಾಕ್ಷಿಗಳಿಗೆ ಹೆಸರಿಲ್ಲ, ಬರೀ ಸಂಖ್ಯೆ. ಆರೋಪಿಗಳಿಗೆ ಮಾತ್ರ ಅವರವರ ನಿಜ ಹೆಸರು. ಪೂರ್ವ, ಪಶ್ಚಿಮ ಎರಡೂ ಜರ್ಮನಿಗಳ ಹತ್ತಕ್ಕೂ ಹೆಚ್ಚು ರಂಗಮಂದಿರಗಳಲ್ಲಿ ಅದು ಒಂದೇ ದಿನ ಪ್ರದರ್ಶನ ಕಂಡಿತು. ಎರಡನೇ ಮಹಾಯುದ್ಧ ಮುಗಿದು ಇಪ್ಪತ್ತೇ ವರ್ಷ ಕಳೆದಿತ್ತು. ಹಾಗಾಗಿ ಕೆಳಗೆ ಕೂತ ನಡುವಯಸ್ಸಿನವರಿಗೆ ಅದು ಚರಿತ್ರೆಯ ಪಾಠವಾಗಿರಲಿಲ್ಲ, ತಾವು ಬದುಕಿದ ಕಾಲವಾಗಿತ್ತು.

ಇಂಗ್ಲೆಂಡಿನ ಸ್ಟೋಕ್ ಎಂಬ ಕೈಗಾರಿಕಾ ಊರಲ್ಲಿ ಪೀಟರ್ ಚೀಸ್‌ಮನ್ ಇನ್ನೊಂದು ದಾರಿ ಹಿಡಿದ. ಅಲ್ಲಿನ ಉಕ್ಕಿನ ಕಾರ್ಖಾನೆ ಮುಚ್ಚುವ ಮಾತು ಬಂದಾಗ ಕಾರ್ಮಿಕರ ಮಾತನ್ನೇ ಮುದ್ರಿಸಿಕೊಂಡು 1974ರಲ್ಲಿ 'ಫೈಟ್ ಫಾರ್ ಶೆಲ್ಟನ್ ಬಾರ್' ನಾಟಕ ಮಾಡಿ ಅದೇ ಊರಿನವರ ಮುಂದೆ ಆಡಿಸಿದ. ಮಾತು ಕೊಟ್ಟವರೇ ನೋಡುವವರೂ ಆದರು. ಈ ಬಗೆಯ ಕೆಲಸಕ್ಕೆ 'ವರ್ಬೇಟಿಮ್ ಥಿಯೇಟರ್' ಎಂಬ ಹೆಸರು ಗಟ್ಟಿಯಾಗಿ ಅಂಟಿಕೊಂಡದ್ದು 1987ರಲ್ಲಿ ವಿದ್ವಾಂಸ ಡೆರೆಕ್ ಪ್ಯಾಜೆಟ್ ಬರೆದ ಲೇಖನದಿಂದ.

ಒಂದು ಊರು, ಒಂದು ಕೊಲೆ

ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಅರಿಯಲು ಒಂದೇ ನಾಟಕ ಹಿಡಿದು ನೋಡುವುದು ಒಳ್ಳೆಯದು. ಅಮೆರಿಕದ ವಯೋಮಿಂಗ್ ರಾಜ್ಯದ ಲಾರಮಿ 1998ರಲ್ಲಿ ಸುಮಾರು 27,000 ಜನರಿದ್ದ ವಿಶ್ವವಿದ್ಯಾಲಯದ ಊರು. ಆ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿ ಓದುತ್ತಿದ್ದ 21 ವರ್ಷದ ಮ್ಯಾಥ್ಯೂ ಶೆಪರ್ಡ್ ಎಂಬ ಸಲಿಂಗಿ ತರುಣನನ್ನು ಇಬ್ಬರು ಊರಾಚೆ ಕರೆದೊಯ್ದು, ಬೇಲಿಗೆ ಕಟ್ಟಿ, ಹೊಡೆದು ಬಿಟ್ಟುಹೋದರು. ಅಕ್ಟೋಬರ್ 12ರಂದು ಅವನು ಆಸ್ಪತ್ರೆಯಲ್ಲಿ ತೀರಿಕೊಂಡ. ಟಿವಿ ವಾಹನಗಳು ಊರನ್ನು ಮುತ್ತಿದವು.

ಕೆಲವೇ ವಾರಗಳಲ್ಲಿ ನ್ಯೂಯಾರ್ಕಿನಿಂದ ಮೊಯಿಸೆಸ್ ಕೌಫ್‌ಮನ್ ಮತ್ತು ಅವನ ಟೆಕ್ಟಾನಿಕ್ ಥಿಯೇಟರ್ ಪ್ರಾಜೆಕ್ಟ್ ತಂಡ ಬಂತು. ಸುಮಾರು ಒಂದೂವರೆ ವರ್ಷದ ಅವಧಿಯಲ್ಲಿ ಮತ್ತೆ ಮತ್ತೆ ಬಂದು ಇನ್ನೂರಕ್ಕೂ ಹೆಚ್ಚು ಸಂದರ್ಶನ ಮಾಡಿತು. ಬಾರ್ ಮಾಲೀಕ, ಪೊಲೀಸ್ ಅಧಿಕಾರಿ, ಪಾದ್ರಿ, ವೈದ್ಯ, ವಿದ್ಯಾರ್ಥಿ, ಎಲ್ಲರೂ ಮಾತಾಡಿದರು. ಹೀಗೆ ಹುಟ್ಟಿದ 'ದಿ ಲಾರಮಿ ಪ್ರಾಜೆಕ್ಟ್' 2000ದ ಫೆಬ್ರುವರಿಯಲ್ಲಿ ಡೆನ್ವರ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು. ಎಂಟು ನಟರು ಅರವತ್ತಕ್ಕೂ ಹೆಚ್ಚು ಪಾತ್ರ ವಹಿಸುತ್ತಾರೆ. ಅಂಗಿಯ ಮೇಲೊಂದು ಕೋಟು, ತಲೆಗೊಂದು ಹ್ಯಾಟು, ಪಾತ್ರ ಬದಲು. ಇಲ್ಲೊಂದು ಮುಖ್ಯ ಸಂಗತಿ ಗಮನಿಸಿ: ಇಷ್ಟೊಂದು ಪಾತ್ರಗಳಲ್ಲಿ ಮ್ಯಾಥ್ಯೂ ಇಲ್ಲ. ಕೊಲೆಯ ದೃಶ್ಯವೂ ಇಲ್ಲ. ಇರುವುದು ಊರು ಮಾತ್ರ, ಅದು ಆಡಿದ ಮಾತು ಮಾತ್ರ.

ಆದ್ದರಿಂದ ಪ್ರೇಕ್ಷಕನ ಕನಿಕರಕ್ಕೆ ಇಲ್ಲಿ ಸುಲಭದ ಆಸರೆ ಸಿಗುವುದಿಲ್ಲ. ಸತ್ತವನಿಗಾಗಿ ಮರುಗಬೇಕೆಂದು ಬಂದವನು, ಬದುಕಿರುವವರ ಸಮಜಾಯಿಷಿ ಕೇಳುತ್ತ ಕೂರಬೇಕಾಗುತ್ತದೆ. 'ನಾನು ಅವರ ತಂಟೆಗೆ ಹೋಗಲ್ಲ, ಅವರು ನನ್ನ ತಂಟೆಗೆ ಬರಬಾರದು' ಎಂಬ ಧಾಟಿಯ ಮಾತು ಆ ಊರಿನ ಒಳ್ಳೆಯ ಜನರ ಬಾಯಲ್ಲೇ ಬರುತ್ತದೆ. ಮೊದಲು ಅದು ಉದಾರವಾಗಿ ಕೇಳಿಸುತ್ತದೆ. ಮೂರನೆಯವರು, ನಾಲ್ಕನೆಯವರು ಅದನ್ನೇ ಹೇಳುವ ಹೊತ್ತಿಗೆ ಅದರೊಳಗೊಂದು ಷರತ್ತು ಇರುವುದು ಕಾಣತೊಡಗುತ್ತದೆ.

ದೂರದ ಪ್ರೇಕ್ಷಕ, ಊರಿನ ಪ್ರೇಕ್ಷಕ

ನ್ಯೂಯಾರ್ಕಿನ ಪ್ರೇಕ್ಷಕನಿಗೆ ಲಾರಮಿ ಎಂಬುದು ದೂರದ ಹಳ್ಳಿಗಾಡು. ಅಲ್ಲಿಯವರ ಉಚ್ಚಾರಕ್ಕೆ ಅವನು ನಗಬಹುದು, 'ಪಾಪ, ಅಲ್ಲಿಯ ಜನ ಹಾಗೆಯೇ' ಎಂದು ನಿರಾಳನಾಗಿ ಮನೆಗೆ ಹೋಗಬಹುದು. ಇದು ಈ ಪ್ರಕಾರದ ದೊಡ್ಡ ಅಪಾಯ. ಕೌಫ್‌ಮನ್ ತಂಡ ಇದಕ್ಕೆ ಹೂಡಿದ ಉಪಾಯ ತಮ್ಮನ್ನೂ ಪಾತ್ರಗಳನ್ನಾಗಿಸಿಕೊಂಡದ್ದು. ಊರಿನ ಬಗ್ಗೆ ತಮಗಿದ್ದ ಹೆದರಿಕೆ, ಪೂರ್ವಗ್ರಹಗಳನ್ನು ನಟರು ತಮ್ಮ ಹೆಸರಲ್ಲೇ ಹೇಳುತ್ತಾರೆ. ಹೊರಗಿನಿಂದ ಬಂದವರು ನೋಡುತ್ತಿದ್ದಾರೆ ಎಂಬುದನ್ನು ನಾಟಕ ಮುಚ್ಚಿಡುವುದಿಲ್ಲ.

2000ದಲ್ಲೇ ನಾಟಕ ಲಾರಮಿಗೇ ಬಂತು. ಅಲ್ಲಿ ಪ್ರೇಕ್ಷಕನ ಪಾಡೇ ಬೇರೆ. ಪಕ್ಕದ ಸೀಟಿನಲ್ಲಿ ಕೂತಿರುವವರ ಮಾತೇ ರಂಗದ ಮೇಲಿಂದ ಕೇಳಿಬರಬಹುದು. ಎರಡು ವರ್ಷದ ಹಿಂದೆ ಎದೆಗುದಿಯಲ್ಲಿ ಆಡಿದ ಮಾತು ಈಗ ಪರವೂರಿನ ನಟನ ಬಾಯಲ್ಲಿದೆ. ಮಾತು ತನ್ನದೇ, ಆದರೆ ಅದರ ಹಿಂದುಮುಂದು ಇಟ್ಟ ಮಾತುಗಳನ್ನು ಆರಿಸಿದವರು ಬೇರೆಯವರು. ಹೀಗಿರುವಾಗ ಊರಿನವನು ಏಕಕಾಲಕ್ಕೆ ಸಾಕ್ಷಿಯೂ ಹೌದು, ವಿಮರ್ಶಕನೂ ಹೌದು, ಸ್ವಲ್ಪಮಟ್ಟಿಗೆ ಆರೋಪಿಯೂ ಹೌದು.

ಇನ್ನೊಂದು ಪ್ರತಿಕ್ರಿಯೆ ನಿಧಾನಕ್ಕೆ ಬಂದದ್ದು. ಹತ್ತು ವರ್ಷದ ಬಳಿಕ ಅದೇ ತಂಡ ಮತ್ತೆ ಲಾರಮಿಗೆ ಹೋದಾಗ, ಅದು ದ್ವೇಷದ ಕೊಲೆಯೇ ಅಲ್ಲ, ದರೋಡೆ ಕೈಮೀರಿ ಹೋದದ್ದು, ಮಾದಕ ವಸ್ತುವಿನ ಗಲಾಟೆ ಎಂದು ಹಲವರು ಹೇಳತೊಡಗಿದ್ದರು. ತನಿಖೆ ಮಾಡಿದ ಅಧಿಕಾರಿಗಳು ಅದನ್ನು ಅಲ್ಲಗಳೆದರೂ ಮಾತು ನಿಂತಿರಲಿಲ್ಲ. ಊರಿಗೆ ತನ್ನ ಬಗ್ಗೆ ಹೇಳಿದ ಕಥೆ ಭಾರವಾದಾಗ ಅದು ಹಗುರವಾದ ಇನ್ನೊಂದು ಕಥೆ ಹುಡುಕಿಕೊಳ್ಳುತ್ತದೆ. ಆ ಭೇಟಿಯಿಂದ ಹುಟ್ಟಿದ ಎರಡನೇ ನಾಟಕವನ್ನು 2009ರ ಅಕ್ಟೋಬರ್ 12ರಂದು ನೂರೈವತ್ತರಷ್ಟು ರಂಗಮಂದಿರಗಳು ಒಂದೇ ದಿನ ಓದಿ ಆಡಿದವು. ಅದೇ ತಿಂಗಳು ಶೆಪರ್ಡ್ ಹೆಸರನ್ನೂ, ಟೆಕ್ಸಾಸ್‌ನಲ್ಲಿ ಕೊಲೆಯಾದ ಕಪ್ಪು ಜನಾಂಗದ ಜೇಮ್ಸ್ ಬರ್ಡ್ ಹೆಸರನ್ನೂ ಹೊತ್ತ ದ್ವೇಷಾಪರಾಧ ಕಾನೂನಿಗೆ ಅಧ್ಯಕ್ಷ ಒಬಾಮಾ ಸಹಿ ಹಾಕಿದರು. ನಾಟಕದಿಂದಲೇ ಕಾನೂನು ಬಂತೆಂದು ಹೇಳಲಾಗದು. ಆದರೆ ಆ ಹೆಸರು ಜನರ ಕಿವಿಯಿಂದ ಮರೆಯಾಗದಂತೆ ನೋಡಿಕೊಂಡದ್ದರಲ್ಲಿ ನಾಟಕದ ಪಾಲಿದೆ.

ಕೂಗಿದವರು, ಎದ್ದು ನಿಂತವರು

ಎಲ್ಲ ಪ್ರತಿಕ್ರಿಯೆಯೂ ಮೌನದ್ದಲ್ಲ. ಕೆಲವೆಡೆ 'ದಿ ಲಾರಮಿ ಪ್ರಾಜೆಕ್ಟ್' ಪ್ರದರ್ಶನದ ಹೊರಗೆ ಧರ್ಮದ ಹೆಸರಿನ ವಿರೋಧಿಗಳು ಫಲಕ ಹಿಡಿದು ನಿಂತರು. ಶಾಲೆಗಳಲ್ಲಿ ಮಕ್ಕಳು ಇದನ್ನು ಆಡಬಾರದೆಂದು ಪಾಲಕರು ತಗಾದೆ ತೆಗೆದರು. 2013ರ ಅಕ್ಟೋಬರ್‌ನಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ಆಡುತ್ತಿದ್ದಾಗ, ಪ್ರೇಕ್ಷಕರಲ್ಲಿದ್ದ ಕೆಲವು ವಿದ್ಯಾರ್ಥಿಗಳು ಸಲಿಂಗಿಗಳನ್ನು ಹೀಯಾಳಿಸುವ ಬೈಗುಳ ಕೂಗಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಸುದ್ದಿ ಓದಿದವರು ನಾಟಕ ಸೋತಿತು ಎಂದುಕೊಂಡಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಒಪ್ಪುವವರೇ ಟಿಕೆಟ್ ಕೊಂಡು ಬರುವ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವುದು ಕಷ್ಟವಲ್ಲ. ಅಲ್ಲಿ ಕೂಗಾಡಿದವರು ನಾಟಕ ಯಾವುದರ ಬಗ್ಗೆ ಮಾತಾಡುತ್ತಿದೆಯೋ ಅದು ಹಳೆಯ ಸಂಗತಿಯಲ್ಲ ಎಂದು ತಾವೇ ತೋರಿಸಿಕೊಟ್ಟರು. ಹಾಗೆಂದು ಆ ಬೈಗುಳವನ್ನು ಎದುರು ನಿಂತು ಕೇಳಿಸಿಕೊಂಡ ಎಳೆಯ ನಟರ ನೋವನ್ನು ಕಡೆಗಣಿಸುವಂತಿಲ್ಲ. ಅಂಥ ನಾಟಕ ಆಡಿಸುವ ಶಿಕ್ಷಕರು ಅದಕ್ಕೂ ತಯಾರಿರಬೇಕು.

ಇದಕ್ಕೆ ಪ್ರತಿಯಾಗಿ ಲಂಡನ್ನಿನ ಟ್ರೈಸಿಕಲ್ ರಂಗಮಂದಿರದ ಒಂದು ಉದಾಹರಣೆ. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಜನಾಂಗ ದ್ವೇಷಿಗಳು ಬಸ್ ನಿಲ್ದಾಣದ ಬಳಿ ಇರಿದು ಕೊಂದಿದ್ದರು. ಪೊಲೀಸರ ತನಿಖೆ ಹಳ್ಳ ಹಿಡಿದಿತ್ತು. ಆ ಕುರಿತ ಸಾರ್ವಜನಿಕ ವಿಚಾರಣೆಯ ಕಡತದಿಂದ ಪತ್ರಕರ್ತ ರಿಚರ್ಡ್ ನಾರ್ಟನ್ ಟೇಲರ್ 'ದಿ ಕಲರ್ ಆಫ್ ಜಸ್ಟಿಸ್' ಸಿದ್ಧಪಡಿಸಿದ. 1999ರ ಜನವರಿಯಲ್ಲಿ, ಅಂದರೆ ವಿಚಾರಣೆಯ ವರದಿ ಹೊರಬೀಳುವ ಮೊದಲೇ, ಅದು ರಂಗಕ್ಕೆ ಬಂತು. ಕೊನೆಯಲ್ಲಿ ವಿಚಾರಣಾಧಿಕಾರಿಯ ಪಾತ್ರ ಒಂದು ನಿಮಿಷ ಮೌನಕ್ಕೆ ಎಲ್ಲರೂ ಏಳುವಂತೆ ಕೇಳಿದಾಗ ಪ್ರೇಕ್ಷಕರೂ ಎದ್ದು ನಿಲ್ಲುತ್ತಿದ್ದರು. ಆ ಮಾತು ಪಾತ್ರಗಳಿಗೆ ಹೇಳಿದ್ದು, ತಮಗಲ್ಲ ಎಂದು ಕೂತೇ ಇರುವುದು ಅವರಿಗೆ ಆಗುತ್ತಿರಲಿಲ್ಲ.

ನೋಡುವಾಗ ಏನನ್ನು ಗಮನಿಸಬೇಕು?

ಕನ್ನಡದಲ್ಲಿ ವರ್ಬೇಟಿಮ್ ನಾಟಕದ ಹತ್ತಿರದ ನೆಂಟ ಆತ್ಮಕಥನದ ನಾಟಕ. ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಬಂದು, ಹೆಗ್ಗೋಡಿನ ಜನಮನದಾಟ ತಂಡದಿಂದ ರಂಗಕ್ಕೂ ಏರಿತು. ಟ್ರಾನ್ಸ್‌ಜೆಂಡರ್ ಮಹಿಳೆಯೊಬ್ಬರ ಬದುಕು ಅಲ್ಲಿ ಅವರದೇ ಕಥನವಾಗಿ ಬರುತ್ತದೆ. ವ್ಯತ್ಯಾಸ ಇಷ್ಟೇ: ಆತ್ಮಕಥೆಯಲ್ಲಿ ಒಬ್ಬರೇ ತಮ್ಮ ಮಾತನ್ನು ತಾವೇ ಆರಿಸಿರುತ್ತಾರೆ, ವರ್ಬೇಟಿಮ್‌ನಲ್ಲಿ ಹಲವರ ಮಾತನ್ನು ಇನ್ಯಾರೋ ಆರಿಸಿರುತ್ತಾರೆ.

ಆದ್ದರಿಂದ ಮೊದಲ ಪ್ರಶ್ನೆ ಆಯ್ಕೆಯದು. ಪ್ರತಿ ಮಾತೂ ನಿಜವಾಗಿದ್ದು, ಒಟ್ಟು ಚಿತ್ರ ವಾಲಿರುವುದು ಸಾಧ್ಯ. ಯಾರಿಗೆ ಎಷ್ಟು ಹೊತ್ತು ಸಿಕ್ಕಿತು? ಕೊನೆಯ ಮಾತು ಯಾರದು? ಮಾತಾಡಲು ಒಪ್ಪದವರು ಯಾರಿರಬಹುದು? ಎರಡನೆಯದು, ನೀವು ಎಲ್ಲಿ ನಕ್ಕಿರಿ ಎಂಬುದು. ಮಾತಿನ ಅರ್ಥಕ್ಕೆ ನಕ್ಕಿರೋ, ಮಾತಾಡಿದವನ ಉಚ್ಚಾರಕ್ಕೋ? ಮೂರನೆಯದು, ನಿಮಗೆ ಒಪ್ಪಿಗೆಯಾಗದ ಪಾತ್ರವನ್ನು ನಟ ಹೇಗೆ ಹೊತ್ತ ಎಂಬುದು. ಅಮೆರಿಕದ ಆನಾ ಡೆವೆರ್ ಸ್ಮಿತ್ 1992ರಲ್ಲಿ 'ಫೈರ್ಸ್ ಇನ್ ದಿ ಮಿರರ್' ಆಡಿದಾಗ, ಬ್ರೂಕ್ಲಿನ್ನಿನ ಗಲಭೆಯಲ್ಲಿ ಎದುರುಬದುರಾಗಿದ್ದ ಕಪ್ಪು ಜನರನ್ನೂ ಯಹೂದಿಗಳನ್ನೂ ಒಬ್ಬಳೇ ಅಭಿನಯಿಸಿದಳು. ಒಂದೇ ದೇಹದಿಂದ ಎರಡೂ ಕಡೆಯ ದುಃಖ ಬಂದಾಗ ಪ್ರೇಕ್ಷಕನಿಗೆ ಪಕ್ಷ ಹಿಡಿಯುವುದು ತಡವಾಗುತ್ತದೆ. ಆ ತಡವೇ ಈ ರಂಗಭೂಮಿಯ ನಿಜವಾದ ಸಂಪಾದನೆ.

ನೀನಾಸಂ ಶಿಬಿರದಂಥ ಕಡೆ ಹಿಂದಿನ ರಾತ್ರಿಯ ನಾಟಕದ ಬಗ್ಗೆ ಕೂತು ಮಾತಾಡುವ ರೂಢಿ ನಮಗಿದೆ. ಇಂಥ ನಾಟಕಕ್ಕೆ ಆ ಸಂವಾದ ಇನ್ನೂ ಅಗತ್ಯ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಒಂದೇ ಷರತ್ತು: ಒಪ್ಪಿಗೆ, ವಿರೋಧ ಹೇಳುವ ಮೊದಲು, ನಾಟಕದಲ್ಲಿ ನಿಮಗೆ ಅತಿ ಸಿಟ್ಟು ತಂದ ವ್ಯಕ್ತಿ ಏನು ಹೇಳಿದ ಎಂಬುದನ್ನು ವ್ಯಂಗ್ಯ ಬೆರೆಸದೆ ಹೇಳಿ. ಹೇಳಲಾಯಿತೆಂದರೆ ನೀವು ನಾಟಕ ಕೇಳಿದ್ದೀರಿ, ಇನ್ನು ಜಗಳ ಶುರು ಮಾಡಬಹುದು. ಆಗಲಿಲ್ಲವೆಂದರೆ ಇನ್ನೊಂದು ಪ್ರದರ್ಶನಕ್ಕೆ ಟಿಕೆಟ್ ತೆಗೆದುಕೊಳ್ಳಿ.