ಸರಾಸರಿ ಯಾವ ಕಡೆ ವಾಲುತ್ತದೆ?

ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಗಣಿತದ 35 ಪ್ರಶ್ನೆಗೆ ಸಿಗುವುದು 20 ನಿಮಿಷ, ಅಂದರೆ ಲೆಕ್ಕಕ್ಕೆ ಸುಮಾರು 34 ಸೆಕೆಂಡು. ಕ್ಯಾಲ್ಕುಲೇಟರ್ ಇಲ್ಲ, ತಪ್ಪು ಉತ್ತರಕ್ಕೆ ಕಾಲು ಅಂಕ ಖೋತಾ. ತೂಕದ ಸರಾಸರಿಯ (ವೆಯ್ಟೆಡ್ ಆವರೇಜ್) ಲೆಕ್ಕವನ್ನು ಎಕ್ಸ್, ವೈ ಹಿಡಿದು ಬಿಡಿಸುತ್ತ ಕೂತರೆ ಮುಂದಿನ ಎರಡು ಪ್ರಶ್ನೆ ಕೈತಪ್ಪಿದಂತೆಯೇ.

ಒಂದು ತರಗತಿಯಲ್ಲಿ 30 ಹುಡುಗರು, ಅವರ ಸರಾಸರಿ ಅಂಕ 62. ಹುಡುಗಿಯರು 20, ಅವರದು 72. ಇಡೀ ತರಗತಿಯ ಸರಾಸರಿ ಎಷ್ಟು? ಎರಡನ್ನೂ ಕೂಡಿಸಿ ಅರ್ಧ ಮಾಡಿದವರಿಗೆ 67 ಬರುತ್ತದೆ. ಪ್ರಶ್ನೆ ತೆಗೆದವರಿಗೂ ಅದು ಗೊತ್ತು. ಆಯ್ಕೆಗಳಲ್ಲಿ 67 ಇಟ್ಟಿರುತ್ತಾರೆ.

ಪೆನ್ನು ಊರುವ ಮುನ್ನ ಯಾವ ಗುಂಪು ದೊಡ್ಡದು ನೋಡಿ. ಹುಡುಗರದ್ದು. ಹಾಗಾದರೆ ಉತ್ತರ 62ರ ಕಡೆ ವಾಲಬೇಕು, 62 ಮತ್ತು 67ರ ನಡುವೆ ಇರಬೇಕು. ಎಷ್ಟೋ ಸಲ ಐದು ಆಯ್ಕೆಗಳಲ್ಲಿ ಎರಡು ಮೂರನ್ನು ಇಲ್ಲೇ ಹೊಡೆದುಹಾಕಬಹುದು. ಆಮೇಲೆ ಸರಾಸರಿಗಳ ಅಂತರ ತೆಗೆಯಿರಿ: 10. ಐವತ್ತು ಮಂದಿಯಲ್ಲಿ ಹುಡುಗಿಯರ ಪಾಲು ಐದರಲ್ಲಿ ಎರಡು. ಹತ್ತರಲ್ಲಿ ಆ ಪಾಲು 4. ಅದನ್ನು 62ಕ್ಕೆ ಸೇರಿಸಿದರೆ 66. ದೊಡ್ಡ ಗುಣಾಕಾರದ ಗೋಜೇ ಇಲ್ಲ.

ಇದೇ ಲೆಕ್ಕ ತಿರುಗುಮುರುಗಾಗಿಯೂ ಬರುತ್ತದೆ. ಕಿಲೋಗೆ ₹48ರ ಅಕ್ಕಿಗೆ ₹60ರದ್ದನ್ನು ಯಾವ ಅನುಪಾತದಲ್ಲಿ ಬೆರೆಸಿದರೆ ₹52 ಬೀಳುತ್ತದೆ? ಎರಡು ಬೆಲೆ ಮೇಲೆ, 52 ನಡುವೆ ಬರೆದು ಅಡ್ಡಡ್ಡ ಕಳೆಯಿರಿ. 60ರಲ್ಲಿ 52 ಕಳೆದರೆ 8, ಅದು ಅಗ್ಗದ ಅಕ್ಕಿಯ ಪಾಲು. 52ರಲ್ಲಿ 48 ಕಳೆದರೆ 4, ಅದು ದುಬಾರಿಯದ್ದು. ಅನುಪಾತ 2:1. ಕೋಚಿಂಗ್‌ನಲ್ಲಿ ಅಲಿಗೇಶನ್ ಎನ್ನುವುದು ಇದನ್ನೇ. ಗಡಿಬಿಡಿಯಲ್ಲಿ 1:2 ಎಂದು ಒತ್ತಿಬಿಡುವುದುಂಟು. 52 ಯಾವ ಬೆಲೆಗೆ ಹತ್ತಿರವೋ ಆ ಅಕ್ಕಿಯೇ ಜಾಸ್ತಿ ಇರಬೇಕಲ್ಲವೇ ಎಂದು ಒಮ್ಮೆ ತಾಳೆ ನೋಡಿ. ಆಸಿಡ್ ದ್ರಾವಣದ ಲೆಕ್ಕಕ್ಕೂ ಇದೇ ದಾರಿ.

ವೇಗದ ಲೆಕ್ಕದಲ್ಲಿ ಜಾಣರೂ ಎಡವುತ್ತಾರೆ. ಹೋಗುವಾಗ ಗಂಟೆಗೆ 40 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 60. ದೂರ ಸಮ ಇರುವುದರಿಂದ 50 ಅನ್ನಿಸುತ್ತದೆ. ಇಲ್ಲಿ ತೂಕ ದೂರದ್ದಲ್ಲ, ಸಮಯದ್ದು. ದೂರವನ್ನು 120 ಎಂದು ಹಿಡಿಯಿರಿ, ಎರಡರಿಂದಲೂ ಭಾಗವಾಗುತ್ತದೆ. ಹೋಗಲು 3 ಗಂಟೆ, ಬರಲು 2. ಒಟ್ಟು 240 ಕಿ.ಮೀ.ಗೆ 5 ಗಂಟೆ, ಸರಾಸರಿ 48.

ಇನ್ನೊಂದನ್ನು ಬಾಯಲ್ಲೇ ಮಾಡಬಹುದು. 24 ಮಕ್ಕಳ ಸರಾಸರಿ ವಯಸ್ಸು 15. ಮೇಷ್ಟರನ್ನೂ ಸೇರಿಸಿದರೆ 16. ಮೇಷ್ಟರ ವಯಸ್ಸೆಷ್ಟು? ಅವರು ತಮಗೆ 16 ಇಟ್ಟುಕೊಂಡು, 24 ಮಕ್ಕಳಿಗೂ ಒಂದೊಂದು ವರ್ಷ ಹಂಚಬೇಕು. 40.