ನೋಡುವವರು ಎಲ್ಲಿ ನಿಂತಿದ್ದಾರೆ?

ಶಹಾಪುರದ ಬುದ್ಧ ಮಲಗಿದ ಬೆಟ್ಟ ಎಲ್ಲ ದಿಕ್ಕಿನಿಂದಲೂ ಬುದ್ಧನಲ್ಲ. ರಸ್ತೆಯ ಒಂದು ಕಡೆಯಿಂದ ನೋಡಿದರೆ ಹಣೆ, ಮೂಗು, ಎದೆ, ಕಾಲು ಸಾಲಾಗಿ ಕೂಡಿಕೊಂಡು ಅಂಗಾತ ಮಲಗಿದ ಆಕಾರ ಕಾಣುತ್ತದೆ. ಇನ್ನಷ್ಟು ಮುಂದೆ ಹೋದರೆ ಹಣೆಯೇ ಒಂದು ಗುಡ್ಡ, ಎದೆಯೇ ಇನ್ನೊಂದು ಗುಡ್ಡ. ಗುಡ್ಡಗಳು ಕದಲಿಲ್ಲ, ಕದಲಿದ್ದು ನಾವು. ಮೊದಲು ಪೋಸ್ಟರ್ ಕೆಲಸ, ಆಮೇಲೆ ಕ್ಯಾಮೆರಾ ಕೆಲಸ ಮಾಡುತ್ತ ನಾನು ಕಲಿತದ್ದರ ತಿರುಳೂ ಇದೇ. ಚೌಕಟ್ಟಿನೊಳಗೆ ಏನನ್ನು ಎಲ್ಲಿ ಇಡಬೇಕು ಎಂದು ಯೋಚಿಸುವ ಮೊದಲು, ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದು ಗಟ್ಟಿಯಾಗಬೇಕು.

ನಮ್ಮೂರು ಯಾದಗಿರಿ ತಾಲ್ಲೂಕಿನ ಮುದನಾಳ. ಓದು ಬಿಟ್ಟ ಹೊಸದರಲ್ಲಿ ಯಾದಗಿರಿಯ ಒಂದು ಟಾಕೀಸಿಗೆ ಪೋಸ್ಟರ್ ಹಚ್ಚುವ ಕೆಲಸಕ್ಕೆ ಸೇರಿದ್ದೆ. ಮೈದಾ ಅಂಟು ಕುದಿಸುವುದು, ಏಣಿ ಹೊರುವುದು, ಬೆಳಕು ಹರಿಯುವುದರೊಳಗೆ ಗೋಡೆ ಹಿಡಿಯುವುದು ನನ್ನ ಪಾಲಿಗೆ. ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರು ಯಾವ ಗೋಡೆಗೆ ಯಾವ ಪೋಸ್ಟರ್ ಎಂದು ತೀರ್ಮಾನಿಸುವವರು. ನಾನು ದೊಡ್ಡ, ನುಣುಪಾದ ಗೋಡೆ ಹುಡುಕಿ ತೋರಿಸಿದರೆ ಅವರು ಒಪ್ಪುತ್ತಿರಲಿಲ್ಲ. “ತಮ್ಮಾ, ಗ್ವಾಡಿ ನೋಡಬ್ಯಾಡ, ಹಾದಿ ನೋಡು. ಮಂದಿ ಎಲ್ಲಿ ನಿಂದರ್ತಾರ, ಬಸ್ಸು ಎಲ್ಲಿ ಸಾವಕಾಶ ಆಗ್ತದ, ಅದನ್ನ ನೋಡು” ಅನ್ನುತ್ತಿದ್ದರು. ಚಿತ್ರ ಸಂಯೋಜನೆಯ ಬಗ್ಗೆ ಆಮೇಲೆ ಎಷ್ಟು ಓದಿದರೂ ಇದಕ್ಕಿಂತ ಉಪಯೋಗದ ಮಾತು ನನಗೆ ಸಿಕ್ಕಿಲ್ಲ.

ಸಿಂಗಲ್ ಶೀಟ್ ಪೋಸ್ಟರ್ ಅಂದರೆ 30 ಇಂಚು ಅಗಲ, 40 ಇಂಚು ಎತ್ತರ. ಅದು ಚಹಾದಂಗಡಿಯ ಪಕ್ಕಕ್ಕೆ, ನಿಂತು ನೋಡುವವರಿಗೆ. ಆರು ಶೀಟ್ ಕೂಡಿಸಿ ಹಚ್ಚುವ ದೊಡ್ಡ ಪೋಸ್ಟರ್ ರಸ್ತೆಯಲ್ಲಿ ಹಾದು ಹೋಗುವವರಿಗೆ. ಒಂದೇ ಚಿತ್ರವನ್ನು ಹಿಗ್ಗಿಸಿ ಎರಡಕ್ಕೂ ಬಳಸಿದರೆ ಎರಡೂ ಕೆಡುತ್ತವೆ. ಆರು ಶೀಟಿನಲ್ಲಿ ಹಾಳೆ ಹಾಳೆ ಸೇರುವ ಕಡೆ ಸಂದು ಬೀಳುತ್ತದೆ, ಎಷ್ಟೇ ಕೈ ಪಳಗಿದ್ದರೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ. ನಾಯಕಿಯ ಕಣ್ಣು ಆ ಸಂದಿನ ಮೇಲೆ ಬಂದರೆ ಮುಖವೇ ಸೊಟ್ಟ. ಬಲ್ಲ ಡಿಸೈನರ್ ಕಣ್ಣುಗಳನ್ನು ಹಾಳೆಯ ನಡುವೆ ಕೂರಿಸಿ, ಸಂದು ಬೀಳುವ ಕಡೆ ಆಕಾಶವನ್ನೋ ಸೀರೆಯ ಬಣ್ಣವನ್ನೋ ಬಿಡುತ್ತಿದ್ದ. ಅಂಟಿನ ರುಚಿಗೆ ಆಡು, ದನ ಕೆಳಗಿನ ಅಂಚನ್ನು ತಿನ್ನುತ್ತವೆ. ಅದೇ ಅಂಚಿಗೆ ಟಾಕೀಸಿನ ಹೆಸರು, ಆಟದ ವೇಳೆಯ ಸ್ಲಿಪ್ ಕೂಡ ಬೀಳಬೇಕು. ಹಾಗಾಗಿ ಸಿನಿಮಾದ ಹೆಸರು ಅಷ್ಟು ಕೆಳಗೆ ಇರಬಾರದು. ಪುಸ್ತಕಗಳು ಸಂಯೋಜನೆಯ ನಿಯಮ ಎಂದು ಹೇಳುವುದರಲ್ಲಿ ಎಷ್ಟೋ ಇಂಥ ಗೋಡೆಯ ಕಾರಣಗಳಿಂದಲೇ ಹುಟ್ಟಿರಬೇಕು ಅನ್ನಿಸುತ್ತದೆ.

ನಮ್ಮ ಬಿಸಿಲಿನ ಮಾತು ಬೇರೆಯೇ. ಬೇಸಿಗೆಯಲ್ಲಿ 42, 43 ಡಿಗ್ರಿ ಮುಟ್ಟುವ ಊರಲ್ಲಿ ಪೋಸ್ಟರ್ ಬೇಗ ಮಾಸುತ್ತದೆ, ಆದರೆ ಎಲ್ಲ ಬಣ್ಣ ಒಟ್ಟಿಗೆ ಮಾಸುವುದಿಲ್ಲ. ಹಳದಿಯೂ ಕೆಂಪೂ ಮೊದಲು ಹಾರುತ್ತವೆ, ನೀಲಿಯೂ ಕಪ್ಪೂ ಉಳಿಯುತ್ತವೆ. ಹಳೆಯ ಪೋಸ್ಟರುಗಳೆಲ್ಲ ನೀಲಿಗಟ್ಟಿ ನಿಂತಿರುವುದು ಇದಕ್ಕೇ. ಕೆಂಪು ಬಣ್ಣವೊಂದನ್ನೇ ನಂಬಿ ನಿಂತ ಚಿತ್ರ ಹದಿನೈದು ದಿನಕ್ಕೆ ಸತ್ತು ಹೋಗುತ್ತದೆ. ಕಪ್ಪು ಬಿಳುಪಿನ ಹೊಂದಿಕೆ ಗಟ್ಟಿಯಿದ್ದ ಚಿತ್ರ ಬಣ್ಣ ಹೋದ ಮೇಲೂ ಓದಿಸಿಕೊಳ್ಳುತ್ತದೆ. ಈಗಲೂ ಕಂಪ್ಯೂಟರಿನಲ್ಲಿ ಡಿಸೈನ್ ಮುಗಿಸುವ ಮೊದಲು ಬಣ್ಣವನ್ನೆಲ್ಲ ತೆಗೆದು ನೋಡುತ್ತೇನೆ. ಬೂದು ಬಣ್ಣದಲ್ಲಿ ನಾಯಕ ಹಿನ್ನೆಲೆಯೊಳಗೆ ಕರಗಿ ಹೋದರೆ, ಅವನಿಗೆ ಎಂಥ ಅಂಗಿ ತೊಡಿಸಿದರೂ ಪ್ರಯೋಜನವಿಲ್ಲ.

ಅಕ್ಷರದ ವಿಷಯಕ್ಕೆ ಕನ್ನಡದವರು ಹೆಚ್ಚು ತಲೆ ಕೊಡಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಇಟ್ಟಿಗೆ ಸಾಲಿನಂತೆ ನಿಲ್ಲುತ್ತವೆ. ನಮ್ಮ ಅಕ್ಷರದ ಮೇಲೆ ಗುಡಿಸು ಏರುತ್ತದೆ, ಕೆಳಗೆ ಒತ್ತು ಇಳಿಯುತ್ತದೆ. ಎರಡು ಸಾಲಿನ ಹೆಸರಾದರೆ ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಒಂದಕ್ಕೊಂದು ತಾಗುತ್ತವೆ. ಇಂಗ್ಲಿಷ್ ಪೋಸ್ಟರಿನ ಅಳತೆ ಹಿಡಿದು ಕನ್ನಡ ಹೆಸರನ್ನು ಆ ಪಟ್ಟಿಯೊಳಗೆ ತುರುಕಿದರೆ ಅಕ್ಷರ ಚಿಕ್ಕದಾಗಿ ಓದಲು ಬರದಂತಾಗುತ್ತದೆ. ಒತ್ತಿಗೆ ಜಾಗವನ್ನು ಮೊದಲೇ ಬಿಟ್ಟುಕೊಂಡು, ಆಮೇಲೆ ಮುಖವನ್ನು ಕೂರಿಸಬೇಕು. ಸತ್ಯಜಿತ್ ರಾಯ್ ಜಾಹೀರಾತು ಕಂಪನಿಯಲ್ಲಿ ದುಡಿದು ಬಂದವರು, ತಮ್ಮ ಸಿನಿಮಾಗಳ ಪೋಸ್ಟರನ್ನು ತಾವೇ ಮಾಡುತ್ತಿದ್ದರು. ಅವರ ಬಂಗಾಳಿ ಅಕ್ಷರಗಳು ಚಿತ್ರದ ಭಾಗವೇ ಆಗಿರುತ್ತವೆ, ಮೇಲೆ ತಂದು ಅಂಟಿಸಿದಂತೆ ಇರುವುದಿಲ್ಲ. ನಮ್ಮಲ್ಲಿ ಉಪೇಂದ್ರ 2010ರ ‘ಸೂಪರ್’ ಚಿತ್ರಕ್ಕೆ ಅಕ್ಷರವನ್ನೇ ಬಿಟ್ಟು ಕೈಬೆರಳಿನ ಸನ್ನೆಯೊಂದನ್ನು ಹೆಸರಾಗಿ ಇಟ್ಟರು. ನೋಡುವವರು ಯಾರು, ಅವರಿಗೆ ಈಗಾಗಲೇ ಏನು ಗೊತ್ತಿದೆ ಎಂಬ ಲೆಕ್ಕ ಖಚಿತವಾಗಿದ್ದರಿಂದ ಆ ಧೈರ್ಯ ಫಲಿಸಿತು.

ಮುಖಗಳ ಗಾತ್ರದ ಪಾಠ ನನಗೆ ಸುರಪುರದಿಂದ ಬಂತು. ಸುರಪುರದ ಚಿಕಣಿ ಚಿತ್ರಕಲೆಯ ಶೈಲಿಗೆ ಮತ್ತೆ ಜೀವ ಕೊಟ್ಟವರು ಕಲಬುರಗಿಯ ವಿಜಯ ಹಾಗರಗುಂಡಗಿ. ಆ ಶೈಲಿಯ ಆಸ್ಥಾನದ ಚಿತ್ರಗಳಲ್ಲಿ ಯಾರು ಹತ್ತಿರ, ಯಾರು ದೂರ ಎಂಬುದರ ಮೇಲೆ ಗಾತ್ರ ನಿಲ್ಲುವುದಿಲ್ಲ, ಯಾರು ದೊಡ್ಡವರು ಎಂಬುದರ ಮೇಲೆ ನಿಲ್ಲುತ್ತದೆ. ಅರಸ ದೊಡ್ಡ, ಚಾಮರ ಬೀಸುವವ ಚಿಕ್ಕ. ಸಿನಿಮಾ ಪೋಸ್ಟರಿನಲ್ಲಿ ಆಕಾಶದಷ್ಟು ದೊಡ್ಡ ನಾಯಕ, ಕಾಲ ಬಳಿ ಪುಟ್ಟ ಖಳರು ಇರುವುದು ಇದೇ ದಾರಿಯಲ್ಲಿ ಬಂದದ್ದು ಎಂದು ನಾನು ನಂಬುತ್ತೇನೆ. ಇದನ್ನು ಹಳ್ಳಿಗಾಡಿನ ಅಭಿರುಚಿ ಎಂದು ಹೀಗಳೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ಪಳಗಿದ ಭಾಷೆ. ಆದರೆ ಆ ಭಾಷೆಗೆ ಒಂದು ಶಿಸ್ತಿದೆ. ಒಬ್ಬನೇ ಅರಸ, ಅವನ ಸುತ್ತ ಬರಿದಾದ ಜಾಗ. ಹುಟ್ಟುಹಬ್ಬದ, ಜಾತ್ರೆಯ ಫ್ಲೆಕ್ಸ್‌ಗಳಲ್ಲಿ ಮೂವತ್ತು ಮುಖಗಳೂ ಅರಸರಾಗಲು ಹೊರಟಾಗ ಆ ಶಿಸ್ತು ಮುರಿಯುತ್ತದೆ. ಅಂಥ ಆರ್ಡರ್ ಬಂದಾಗ ನಾನು ಎಲ್ಲ ಮುಖಗಳನ್ನು ಒಂದೇ ಅಳತೆಗೆ ತಂದು ಕೆಳಗೆ ಒಂದು ಪಟ್ಟಿಯಾಗಿ ಸಾಲಿಡುತ್ತೇನೆ, ಮೇಲೆ ಒಂದೇ ಮುಖ ಬಿಡುತ್ತೇನೆ. ಯಾರ ಮುಖವೂ ಬಿಟ್ಟುಹೋಗಿಲ್ಲವಾದ್ದರಿಂದ ಗಿರಾಕಿಯೂ ಒಪ್ಪುತ್ತಾರೆ.

ಬರಿ ಜಾಗ ಎಷ್ಟು ಕೆಲಸ ಮಾಡುತ್ತದೆ ಎಂದು ತಿಳಿಯಬೇಕಾದರೆ 1975ರ ‘ಜಾಸ್’ ಪೋಸ್ಟರ್ ನೋಡಬೇಕು. ರೋಜರ್ ಕಾಸ್ಟೆಲ್ ಬರೆದದ್ದು. ಮೇಲೆ ಈಜುತ್ತಿರುವ ಹೆಣ್ಣು, ಕೆಳಗಿನಿಂದ ನೇರ ಮೇಲಕ್ಕೆ ಬರುತ್ತಿರುವ ಶಾರ್ಕ್. ಇಬ್ಬರ ನಡುವಿನ ನೀರಿನಲ್ಲಿ ಏನೂ ಇಲ್ಲ. ಭಯ ಇರುವುದು ಆ ಏನೂ ಇಲ್ಲದ ನೀರಿನಲ್ಲಿ.

ಕಿರುಚಿತ್ರಗಳಿಗೆ ಕ್ಯಾಮೆರಾ ಹಿಡಿದ ಮೇಲೆ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಯಿತು. ಪೋಸ್ಟರ್ ನೋಡುವವನು ನಡೆಯುತ್ತಿರುತ್ತಾನೆ, ಸಿನಿಮಾ ನೋಡುವವನು ಕುಳಿತಿರುತ್ತಾನೆ. ಅವನ ಪರವಾಗಿ ಕ್ಯಾಮೆರಾ ನಿಲ್ಲಬೇಕು. ಯಾರ ಎತ್ತರದಲ್ಲಿ? ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಬಾಲವಿಧವೆ ಯಮುನಕ್ಕನ ಕತೆಯನ್ನು ನಾಣಿ ಎಂಬ ಹುಡುಗನ ಕಣ್ಣಿನ ಮೂಲಕ ಹೇಳುತ್ತದೆ. ಎಸ್. ರಾಮಚಂದ್ರ ಅವರ ಛಾಯಾಗ್ರಹಣ. ಆ ಚಿತ್ರವನ್ನು ಮತ್ತೆ ಮತ್ತೆ ನೋಡಿ, ನೋಡುವವನನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲೇ ಕರುಣೆಯೂ ಇದೆ, ತೀರ್ಪೂ ಇದೆ ಎಂದು ಅರಿತೆ. ನಮ್ಮ ಎರೆಹೊಲದಲ್ಲಿ ತೊಗರಿ ಕೊಯ್ಯುವ ಹೆಣ್ಣುಮಕ್ಕಳನ್ನು ನಿಂತ ಎತ್ತರದಿಂದ ತೆಗೆದರೆ ನೆಲಕ್ಕೆ ಬಾಗಿದ ಬೆನ್ನುಗಳಷ್ಟೇ ಸಿಗುತ್ತವೆ. ಅವರ ಮೊಣಕಾಲ ಮಟ್ಟಕ್ಕೆ ಕ್ಯಾಮೆರಾ ಇಳಿಸಿದರೆ ಮುಖ ಕಾಣುತ್ತದೆ, ಹಿಂದೆ ಆಕಾಶ ತುಂಬುತ್ತದೆ. ಇಲ್ಲಿಯ ನೆಲ ಸಪಾಟು, ಆದ್ದರಿಂದ ದಿಗಂತದ ಗೆರೆ ಎಲ್ಲ ಶಾಟಿನಲ್ಲೂ ನುಗ್ಗುತ್ತದೆ. ಅದು ಪಾತ್ರದ ಕುತ್ತಿಗೆಯನ್ನು ಕತ್ತರಿಸುವಂತೆ ಹಾಯದ ಹಾಗೆ ನೋಡಿಕೊಳ್ಳುವುದೇ ಅರ್ಧ ಕೆಲಸ. ನಡುಹಗಲಿನ ಬಿಸಿಲು ಕಣ್ಣುಗುಳಿಗಳನ್ನು ಕಪ್ಪಾಗಿಸುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದರ ಮೇಲೆ ತೆಗೆದದ್ದೇ ನಮಗೆ ದಕ್ಕುವ ಬೆಳಕು.

ಬೆಳಕಿನ ಮಾತು ಬಂದಾಗ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರು ಕ್ಯಾಮೆರಾ ಹಿಡಿದ, ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಷ್ಟು ಅಗಲದ ತೆರೆಯಲ್ಲಿ ಇಬ್ಬರೇ ನಿಂತರೆ ಉಳಿದ ಜಾಗ ಏನು ಮಾಡಬೇಕು? ಮೂರ್ತಿಯವರು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಿರುಗಿಸಿ, ಕತ್ತಲಲ್ಲಿ ಒಂದು ಬೆಳಕಿನ ಕೋಲು ಇಳಿಸಿದರು. ಇಬ್ಬರ ನಡುವಿನ ದೂರವನ್ನು ಆ ಬೆಳಕೇ ಹೇಳುತ್ತದೆ. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು, ಛಾಯಾಗ್ರಾಹಕರೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ದುಬಾರಿ ಸಾಮಾನಿಲ್ಲ ಎಂದು ಕೊರಗುವ ನಮ್ಮ ಭಾಗದ ಹುಡುಗರಿಗೆ ಆ ಕನ್ನಡಿಗಳ ವಿಷಯ ಹೇಳುತ್ತಿರುತ್ತೇನೆ.

ಈಗ ಪೋಸ್ಟರನ್ನು ಮೊದಲು ನೋಡುವುದು ಗೋಡೆಯ ಮೇಲಲ್ಲ, ಮೊಬೈಲಿನಲ್ಲಿ. ನೋಡುವವರು ಅಂಗೈಯಷ್ಟು ಹತ್ತಿರ ಬಂದಿದ್ದಾರೆ, ಚಿತ್ರ ಹೆಬ್ಬೆರಳಿನಷ್ಟು ಚಿಕ್ಕದಾಗಿದೆ. ಚೌಕಟ್ಟನ್ನು ಮೂರು ಪಾಲು ಮಾಡಿ ಗೆರೆಯ ಮೇಲೆ ಮುಖ ಇಡಿ ಎಂಬ ನಿಯಮವನ್ನು ಎಲ್ಲರೂ ಕಲಿಸುತ್ತಾರೆ. ಕಲಿಯಬೇಕಾದದ್ದೇ, ಆದರೆ ಬಸ್ಸಿನ ಕಿಟಕಿಗೂ ಮೊಬೈಲಿಗೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ.

ಯಾದಗಿರಿ, ಶಹಾಪುರ, ಸುರಪುರದ ಪ್ರಿಂಟಿಂಗ್ ಅಂಗಡಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುವ ತಮ್ಮಂದಿರಿಗೆ, ತಂಗಿಯರಿಗೆ ನನ್ನದೊಂದು ಕೋರಿಕೆ. ಆರ್ಡರ್ ಬರೆದುಕೊಳ್ಳುವಾಗ ಎಷ್ಟು ಅಡಿ ಅಗಲ, ಎಷ್ಟು ಅಡಿ ಎತ್ತರ ಎಂದು ಕೇಳುತ್ತೀರಿ. ಅದರ ಪಕ್ಕದಲ್ಲೇ ಇದನ್ನು ಎಲ್ಲಿ ಕಟ್ಟುತ್ತಾರೆ, ಎಷ್ಟು ದೂರದಿಂದ ನೋಡುತ್ತಾರೆ ಎಂದೂ ಕೇಳಿ ಬರೆದುಕೊಳ್ಳಿ. ಆಮೇಲೆ ಡಿಸೈನ್ ಶುರು ಮಾಡಿ.