ಗೆದ್ದರೂ ಸಂಘದ ಬಾಗಿಲು ಹಾಕಬೇಡ

ಮಗಳೇ, ಚುನಾವಣೆಗೆ ನಿಲ್ಲುತ್ತೀಯಂತೆ, ಕೇಳಿ ಸಂತೋಷವಾಯಿತು. ಪೌರಕಾರ್ಮಿಕರ ಕಾಲೊನಿಯ ಸಂಘದಲ್ಲಿ ಇಷ್ಟು ವರ್ಷ ದುಡಿದ ನಿನ್ನಂಥವರು ವಿಧಾನಸೌಧಕ್ಕೆ ಹೋಗಲೇಬೇಕು. ಹೊರಡುವ ಮುನ್ನ, ನಮ್ಮ ಯಲಹಂಕದ ಶಾಸಕರಾಗಿದ್ದ ಬಿ. ಬಸವಲಿಂಗಪ್ಪನವರ ಬದುಕನ್ನು ತಿಳಿದುಕೋ.

ಅವರ ಕಾಲದಲ್ಲಿ ಊರೂರಲ್ಲೂ ಒಣ ಪಾಯಿಖಾನೆಗಳಿದ್ದವು. ಅವನ್ನು ಶುಚಿ ಮಾಡುವವರು ಹಿತ್ತಿಲ ಬಾಗಿಲಿಂದ ಬಂದು, ತಗಡಿನಲ್ಲಿ ಮಲ ಬಾಚಿ, ಬಕೆಟ್ಟಿಗೆ ತುಂಬಿ, ಸಿಂಬೆಯ ಮೇಲಿಟ್ಟು ಹೊತ್ತೊಯ್ಯಬೇಕಿತ್ತು. ಮಳೆ ಬಂದರೆ ಅದು ಮುಖದ ಮೇಲೇ ಇಳಿಯುತ್ತಿತ್ತು. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಖಾತೆ ಕೈಗೆ ಬಂದಾಗ, ಅಂಬೇಡ್ಕರ್ ವಿಚಾರದಲ್ಲಿ ಬೆಳೆದ, ವಕೀಲರಾಗಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಸಂಸತ್ತು ಕಾನೂನು ಮಾಡಿದ್ದು 1993ರಲ್ಲಿ. ಇವರು ಅದಕ್ಕೆ ಎರಡು ದಶಕ ಮುಂದಿದ್ದರು.

1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದುಬಿಟ್ಟರು. ರಾಜ್ಯವೇ ಹೊತ್ತಿಕೊಂಡಿತು. ಇವರ ಪರ ನಿಂತ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಇವರ ಮಂತ್ರಿಗಿರಿ ಹೋಯಿತು. ಆದರೆ ಆ ಕಿಚ್ಚಿನಿಂದಲೇ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು. ಕುರ್ಚಿ ಯಾವತ್ತು ಬೇಕಾದರೂ ಹೋಗುತ್ತದೆ, ಜನರ ಸಂಘಟನೆ ಇದ್ದರೆ ಕೆಲಸ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯಬೇಡ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಇದ್ದ ಮನೆಗಳಿಂದ ಒಕ್ಕಲೆಬ್ಬಿಸುತ್ತಾರೆಂಬ ಸಂಕಟ ಅವರದು. ನಿಷೇಧದ ಆದೇಶ ಹೊರಟು ಮೂರೂವರೆ ದಶಕ ಕಳೆದಿದ್ದರೂ ಮಲ ಹೊರುವ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಮಂತ್ರಿಯ ಸಹಿ ಎಷ್ಟೇ ದೊಡ್ಡದಾದರೂ, ಅದು ಕೊನೆಯ ಓಣಿಗೆ ತಲುಪಿತೇ ಎಂದು ನೋಡುವವರಿಲ್ಲದಿದ್ದರೆ ಕಡತದಲ್ಲೇ ಉಳಿಯುತ್ತದೆ.

ಹಾಗಾಗಿ, ಗೆದ್ದರೆ ಸದನದಲ್ಲಿ ಭಾಷಣಕ್ಕಿಂತ ಪ್ರಶ್ನೆಗೆ ಹೆಚ್ಚು ತಯಾರಿ ಮಾಡು. ಕಾರ್ಮಿಕರನ್ನು ಒಳಚರಂಡಿಗೆ ಇಳಿಸಿದ ಗುತ್ತಿಗೆದಾರನ ಮೇಲೆ ಯಾವ ಕ್ರಮವಾಯಿತು, ಪುನರ್ವಸತಿ ಯಾರಿಗೆ ಸಿಕ್ಕಿತು ಎಂದು ಕೇಳು. ಮಂತ್ರಿಗಳು ಕೊಟ್ಟ ಮಾತು ನಡೆಯದಿದ್ದರೆ ಸದನದ ಭರವಸೆಗಳ ಸಮಿತಿಯ ಬೆನ್ನು ಹತ್ತು. ಬಂದ ಉತ್ತರವನ್ನು ಕಾಲೊನಿಗೆ ತಂದು ಓದಿ ಹೇಳು. ಅದು ನಿಜವೋ ಸುಳ್ಳೋ ಅವರಿಗೇ ಗೊತ್ತು.

ಸಂಘವನ್ನು ನಿನ್ನ ಚುನಾವಣಾ ಕಚೇರಿ ಮಾಡಬೇಡ. ಅದರ ಬೀಗದಕೈಯನ್ನು ನಿನ್ನ ಮನೆಯ ಮುಂದೆಯೇ ಧರಣಿ ಕೂರುವ ಧೈರ್ಯ ಇರುವವರ ಕೈಗೆ ಕೊಟ್ಟು ಹೋಗು.